ಒಂದು ಲೇತು, ಎರಡು ಮನೆ

"ನೋಡಿ ಮೇಡಂ, ನಮ್ಮ ಸಾಫ್ಟ್‌ವೇರ್ ಹಿಡಿದುಬಿಡ್ತು," ಎಂದು ಚೈತನ್ಯ ಲ್ಯಾಪ್‌ಟಾಪನ್ನು ಜಹೀದಾಳ ಕಡೆ ತಿರುಗಿಸಿದ. ಹಸಿರಾಗಿದ್ದ ಅರ್ಜಿಗಳ ನಡುವೆ ಎರಡು ಸಾಲು ಮಾತ್ರ ಕೆಂಪಗೆ ಕೂತಿದ್ದವು.

ಜಹೀದಾ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಒಂದು ಅರ್ಜಿ ಬೊಂಬೆ ಕಡೆಯುವ ಅಂಕಯ್ಯನ ಹೆಸರಿನಲ್ಲಿತ್ತು, ಫೋನ್ ನಂಬರು ಅವನ ಜೊತೆಗಾರ ಅಜರ್‌ನದು. ಇನ್ನೊಂದು ಅಜರ್‌ನ ಹೆಸರಿನಲ್ಲಿತ್ತು, ಫೋನ್ ನಂಬರು ಅಂಕಯ್ಯನದು. ಎರಡರಲ್ಲೂ ಕೇಳಿದ್ದು ಒಂದೇ ಲೇತು, ಅದೂ ಒಂದೇ ಶೆಡ್ಡಿಗೆ. ನಕಲಿ ಅರ್ಜಿ ಇರಬಹುದು ಎಂದು ಸಾಫ್ಟ್‌ವೇರ್ ಎರಡನ್ನೂ ಪಕ್ಕಕ್ಕೆ ತಳ್ಳಿತ್ತು.

"ಇವರಿಬ್ಬರು ನಕಲಿ ಅಂದ್ರೆ ಚನ್ನಪಟ್ಟಣದಲ್ಲಿ ಅಸಲಿ ಯಾರೂ ಇಲ್ಲ ಬಿಡಪ್ಪ," ಎಂದು ಜಹೀದಾ ನಕ್ಕಳು. ಆದರೆ ಒಳಗೆ ಎಲ್ಲೋ ಚುಚ್ಚಿತು.

ಮರದ ಬೊಂಬೆ ಕಡೆಯುವವರಿಗೆ ಲೇತು ಯಂತ್ರ, ಮೋಟಾರು, ಬಣ್ಣದ ಅರಗು ಕೊಳ್ಳಲು ಸಹಾಯಧನ ಕೊಡುವ ಟ್ರಸ್ಟು ಅದು. ಜಹೀದಾ ಅಲ್ಲಿನ ಮೇಲ್ವಿಚಾರಕಿ. ಯಾರ ಮನೆಯ ಕದ ಯಾವ ಕಡೆಗೆ ತೆರೆಯುತ್ತದೆ ಎನ್ನುವುದೂ ಅವಳಿಗೆ ಗೊತ್ತು. ಆದರೆ ದುಡ್ಡು ಕೊಡುವ ಬೆಂಗಳೂರಿನ ಕಂಪನಿಗೆ ಅವಳ ತಲೆಯೊಳಗಿನ ಲೆಕ್ಕ ಸಾಲದಾಗಿತ್ತು. ಈ ವರ್ಷದಿಂದ ಅರ್ಜಿಯಿಂದ ಹಿಡಿದು ಕೊನೆಯ ವರದಿಯವರೆಗೆ ಎಲ್ಲವೂ ಕಂಪ್ಯೂಟರಿನಲ್ಲಿ ಕಾಣಬೇಕು, ಇಲ್ಲವಾದರೆ ಮುಂದಿನ ಕಂತು ಇಲ್ಲ ಎಂದಿದ್ದರು.

ದಾರಿ ಎರಡಿದ್ದವು. ಚೈತನ್ಯ ತಂದಿದ್ದ ಸಾಫ್ಟ್‌ವೇರ್ ಸಿದ್ಧವಾಗಿತ್ತು, ನಾಳೆಯೇ ಶುರು ಮಾಡಬಹುದಿತ್ತು. ಇನ್ನೊಂದನ್ನು ಸಾತನೂರಿನ ಅಮೂಲ್ಯ ಇವರ ಅಳತೆಗೆ ತಕ್ಕಂತೆ ಹೊಸದಾಗಿ ಮಾಡಿಕೊಡುವವಳಿದ್ದಳು, ಅವಳಿಗೆ ಒಂದು ತಿಂಗಳು ಬೇಕಿತ್ತು. ತನ್ನ ಸರದಿಗಾಗಿ ಅವಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಕಾಯುತ್ತಿದ್ದಳು. ತೀರ್ಮಾನ ಜಹೀದಾಳದೇ ಎಂದು ಟ್ರಸ್ಟಿಗಳು ಹೇಳಿದ್ದರೂ, ಅವರಲ್ಲಿ ಹಿರಿಯರಾದ, ಬ್ಯಾಂಕಿನಿಂದ ನಿವೃತ್ತರಾದ ಮಹೇಂದ್ರ ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿದಿದ್ದರು.

"ಗಾಳಿ ಬಂದಾಗ ತೂರಿಕೋಬೇಕು ಜಹೀದಮ್ಮ. ರೆಡಿಯಾಗಿರೋದನ್ನ ತಗೊಂಡು ಕೈ ತೊಳ್ಕೊಳ್ಳಿ," ಎಂದರು.

ನಿಜ ಹೇಳಬೇಕೆಂದರೆ ಜಹೀದಾ ಕೂಡ ಮುಕ್ಕಾಲು ಪಾಲು ಹಾಗೆಯೇ ಯೋಚಿಸಿದ್ದಳು. ಅಂಕಯ್ಯ ಮತ್ತು ಅಜರ್‌ನ ಹಳೆಯ ಲೇತು ಕೆಟ್ಟು ಕೂತಿತ್ತು, ದಸರಾ ಬೊಂಬೆಯ ಆರ್ಡರು ತಲೆಯ ಮೇಲಿತ್ತು. ಬೇಗ ಶುರುವಾದರೆ ಅವರಿಗೂ ಬೇಗ ಲೇತು ಸಿಗುತ್ತಿತ್ತು. ಆ ಎರಡು ಕೆಂಪು ಸಾಲುಗಳು ಬಂದು ಎಲ್ಲವನ್ನೂ ಕಲಸಿಬಿಟ್ಟವು. ಅವಳು ಅಜರ್‌ಗೆ ಫೋನ್ ಮಾಡಿ ಇಬ್ಬರೂ ಬನ್ನಿ ಎಂದಳು.

ಇಬ್ಬರೂ ಒಂದೇ ಮೊಪೆಡ್ಡಿನಲ್ಲಿ ಬಂದರು. ವಿಷಯ ಕೇಳಿದ್ದೇ ಅಂಕಯ್ಯ ಜೊತೆಗಾರನ ಕಡೆ ತಿರುಗಿದ.

"ಏನ್ಲಾ ಅಜರಾ, ನನ್ ಎಸ್ರಲ್ಲಿ ಯಾಕ್ಲಾ ಅರ್ಜಿ ಹಾಕ್ದೆ?"

"ನೀನ್ಯಾಕ್ ನನ್ ಎಸ್ರಲ್ಲಿ ಹಾಕ್ದೆ? ನಾನೇನ್ ಕೇಳಿದ್ನಾ?"

ಮಾವಿನಕಾಯಿ ಕದ್ದು ಸಿಕ್ಕಿಬಿದ್ದವರ ಹಾಗೆ ಇಬ್ಬರೂ ನೆಲ ನೋಡಿದರು. ಅರ್ಜಿಯಲ್ಲಿ ಹೆಸರಿಗೆ ಒಂದೇ ಜಾಗ ಇದೆ ಎಂದು ತಿಳಿದಾಗ, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ಆ ಜಾಗವನ್ನು ಬಿಟ್ಟುಕೊಟ್ಟಿದ್ದರು.

"ಬಣ್ಣ ಹಿಡ್ಸೋದ್ರಲ್ಲಿ ಇವ್ನ ಕೈ ಯಾರ್ಗೂ ಬರಾಕಿಲ್ಲ ಕಣಮ್ಮ," ಎಂದ ಅಂಕಯ್ಯ. "ನಾನು ಬರೀ ಕಡೆಯೋನು. ಲೇತು ಇವ್ನ ಎಸ್ರಲ್ಲಿದ್ರೆ ಲೇತ್ಗೂ ಒಸಿ ಮರ್ವಾದೆ ಅಂದ್ಕೊಂಡೆ."

"ಕಸುಬು ಕಲ್ಸಿದ್ದು ಇವ್ರಪ್ಪ, ಅಕ್ಕ," ಎಂದ ಅಜರ್. "ಅವ್ರ ಮನೆ ಎಸ್ರು ಬುಟ್ಟು ನನ್ನದು ಬರ್ಸ್ಕೊಂಡ್ರೆ, ನಾಳೆ ಯಾವ ಮೊಕ ಇಟ್ಕೊಂಡು ಶೆಡ್ಡಿಗೆ ಹೋಗ್ಲಿ?"

ಚೈತನ್ಯ ಒಳ್ಳೆಯವನೇ. ಕೇಳುತ್ತಾ ಕೇಳುತ್ತಾ ಅವನ ಮುಖವೂ ಮೆತ್ತಗಾಯಿತು. "ಒಂದು ದಾರಿ ಇದೆ ಮೇಡಂ. ಒಬ್ಬರ ಹೆಸರು ಅರ್ಜಿದಾರರು ಅಂತ ಹಾಕಿ, ಇನ್ನೊಬ್ಬರದನ್ನ ಕೆಳಗೆ ಷರಾ ಅಂತಿದೆಯಲ್ಲ, ಅಲ್ಲಿ ಬರೆಯೋಣ. ಒಂದು ಅರ್ಜಿಗೆ ಇಬ್ಬರು ಅಂತ ಮಾಡೋಕೆ ಇದರಲ್ಲಿ ಬರಲ್ಲ. ಬೇರೆ ಎಷ್ಟೋ ಸಂಸ್ಥೆಗಳು ಇದನ್ನೇ ಉಪಯೋಗಿಸ್ತಾ ಇವೆ, ಒಬ್ಬರಿಗೋಸ್ಕರ ಬದಲಾಯಿಸೋಕೆ ಆಗಲ್ಲ."

"ಆಯ್ತಲ್ಲ," ಎಂದರು ಮಹೇಂದ್ರ.

ಜಹೀದಾಳಿಗೆ ತನ್ನ ತಂದೆಯ ನೆನಪಾಯಿತು. ಅವಳ ಅಬ್ಬಾ ಬಾಬಾಜಾನ್ ಕೂಡ ಜೋಡಿ ಲೇತಿನವರೇ. ಎರಡು ಮನೆಗೆ ಒಂದು ಲೇತು, ಊಟದ ಹೊತ್ತಿನವರೆಗೆ ಒಬ್ಬರದು, ಆಮೇಲೆ ಇನ್ನೊಬ್ಬರದು. ಜೊತೆಗಾರ ತೀರಿಕೊಂಡ ಮೇಲೆ ಆತನ ಮಕ್ಕಳು ಬಂದು ಲೇತನ್ನು ಎತ್ತಿಕೊಂಡು ಹೋದರು. ಅವರದೂ ತಪ್ಪೆನ್ನುವಂತಿರಲಿಲ್ಲ, ಕಾಗದದಲ್ಲಿ ಇದ್ದದ್ದು ಒಂದೇ ಹೆಸರು. ಅಬ್ಬಾ ಆಮೇಲೂ ಕೆಲವು ದಿನ ಬೆಳಿಗ್ಗೆ ಎದ್ದು ಖಾಲಿ ಶೆಡ್ಡಿಗೆ ಹೋಗಿ, ಲೇತು ಇದ್ದ ಜಾಗದ ಎದುರಿಗೆ ಕೂತು ಬರುತ್ತಿದ್ದರು. ಜಹೀದಾ ಬೆಂಚಿನ ಕಡೆ ತಿರುಗಿದಳು.

"ಅಮೂಲ್ಯ, ಬಾಮ್ಮ ಇಲ್ಲಿ. ನೀನು ಇಬ್ಬರ ಹೆಸರು ಹಾಕ್ತೀಯಾ?"

"ಹಾಕ್ಬೋದು ಮೇಡಂ. ಅರ್ಜಿಯನ್ನ ಲೇತಿನ ಹೆಸರಲ್ಲೇ ಮಾಡಿ, ಅದ್ರ ಕೆಳಗೆ ಮನೆಗಳನ್ನ ಸೇರಿಸ್ತೀನಿ. ಆದ್ರೆ ತಿಂಗಳು ಬೇಕೇ ಬೇಕು. ಬೇಗ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ."

ಒಂದು ತಿಂಗಳು ಎಂದರೆ ಆರ್ಡರಿನ ಅರ್ಧ ಕೈತಪ್ಪಿದ ಹಾಗೆ. ತೀರ್ಮಾನ ತನ್ನದಾದರೂ ನಷ್ಟ ಅವರದು ಎಂದು ಜಹೀದಾಳಿಗೆ ಗೊತ್ತಿತ್ತು. ಅವಳು ಮುಚ್ಚುಮರೆಯಿಲ್ಲದೆ ಕೇಳಿದಳು: "ಅಂಕಯ್ಯಣ್ಣ, ಒಬ್ಬರ ಹೆಸರಾದ್ರೆ ಲೇತು ಬೇಗ ಬರುತ್ತೆ. ಇಬ್ಬರದೂ ಬೇಕಾದ್ರೆ ತಿಂಗಳು ಕಾಯ್ಬೇಕು. ಏನ್ ಮಾಡ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಲೇತಿನಲ್ಲಿ ಒಡೆಯರಾಗಿ ಕೂತಿದ್ದವರು ಅಲ್ಲಿಯವರೆಗೆ ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಕೂರಬೇಕಿತ್ತು.

"ಕಾಯ್ತೀವಿ ಬುಡಮ್ಮ," ಎಂದ ಅಂಕಯ್ಯ. "ಕೂಲಿ ಮಾಡುದ್ರೆ ಕೈಯೇನ್ ಸವ್ದೋಯ್ತದಾ? ಷರಾದಲ್ಲಿ ಮಾತ್ರ ಇವ್ನ ಎಸ್ರು ಬರೀಬ್ಯಾಡಿ."

"ಇವ್ನದೂ ಬ್ಯಾಡ," ಎಂದ ಅಜರ್.

ಜಹೀದಾಳ ಎದೆ ತುಂಬಿಬಂತು. ಇಂಥವರ ಊರಿನವಳು ತಾನು ಎಂದು ಹೆಮ್ಮೆಯಾಯಿತು, ಜೊತೆಗೆ ಕುತ್ತಿಗೆಯೂ ನೆಟ್ಟಗಾಯಿತು. ಮಹೇಂದ್ರರ ಕಡೆ ತಿರುಗಿ, "ಸಾರ್, ರೆಡಿಮೇಡ್ ರವಿಕೆ ತಂದು ಮೈಯನ್ನೇ ಕುಗ್ಗಿಸ್ಕೋ ಅಂದ್ರೆ ಆಗುತ್ತಾ? ನಾವು ಹೊಲಿಸ್ಕೊಳ್ಳೋಣ," ಎಂದಳು.

"ಹೊಲಿಗೆ ಬಿಟ್ಟುಹೋದ್ರೆ? ಕಂತು ನಿಂತ್ರೆ ಈ ಇಬ್ಬರಿಗಲ್ಲ, ಎಲ್ಲರಿಗೂ ನಿಲ್ಲುತ್ತೆ. ಜವಾಬ್ದಾರಿ ಯಾರ್ದು?"

"ನನ್ನ ಹೆಸರು ಬರ್ಕೊಳ್ಳಿ. ಅಲ್ಲಿಗೆ ಮಾತ್ರ ಒಂದೇ ಹೆಸರು ಸಾಕು."

ಮಹೇಂದ್ರ ಬರೆದುಕೊಂಡರು. ಚೈತನ್ಯ ಲ್ಯಾಪ್‌ಟಾಪ್ ಮುಚ್ಚಿದ. ಹೋಗುವಾಗ ಅಂಕಯ್ಯನ ಕೈ ಕುಲುಕಿ, ಲೇತು ಬಂದ ಮೇಲೆ ಮಗಳಿಗೊಂದು ಬುಗುರಿ ಬೇಕು ಎಂದು ಹೇಳಿ ಹೋದ.

ಆ ತಿಂಗಳು ಜಹೀದಾಳಿಗೆ ತುಂಬಾ ಉದ್ದವಾಯಿತು. ಬೊಂಬೆ ಬೀದಿಯಲ್ಲಿ ಹೋಗುವಾಗ ಯಾರದೋ ಶೆಡ್ಡಿನಲ್ಲಿ ಅಂಕಯ್ಯ, ಇನ್ಯಾರದೋ ಶೆಡ್ಡಿನಲ್ಲಿ ಅಜರ್ ಕೂತಿರುವುದು ಕಣ್ಣಿಗೆ ಬೀಳುತ್ತಿತ್ತು. ಅವರು ಕೈ ಎತ್ತಿ ನಗುತ್ತಿದ್ದರು, ಇವಳೇ ಮುಖ ತಗ್ಗಿಸಿ ಹೋಗುತ್ತಿದ್ದಳು. ಅಮೂಲ್ಯ ಸಾತನೂರಿನ ಬಸ್ಸಿನಲ್ಲಿ ಬಂದು ಶೆಡ್ಡುಗಳನ್ನೆಲ್ಲ ಸುತ್ತಿದಳು. ಶುಕ್ರವಾರ ಅಜರ್ ನಮಾಜಿಗೆ ಹೋದಾಗ ಲೇತು ಅಂಕಯ್ಯನದು, ಶನಿವಾರ ಬೆಳಿಗ್ಗೆ ಅಂಕಯ್ಯ ದೊಡ್ಡಮಳೂರಿನ ಗುಡಿಗೆ ಹೋಗಿಬರುವವರೆಗೆ ಅಜರ್‌ನದು ಎನ್ನುವುದನ್ನೂ ಬಿಡದೆ ಕೇಳಿಕೊಂಡಳು.

ಎಲ್ಲ ಮುಗಿಯಿತು ಎನ್ನುವಾಗ ಹೊಸ ತಕರಾರು ಎದ್ದಿತು. ಪರದೆಯ ಮೇಲೆ ಮೊದಲು ಯಾರ ಹೆಸರು? ಅಜರ್‌ನದು ಎಂದ ಅಂಕಯ್ಯ. ಅಂಕಯ್ಯನದು ಎಂದ ಅಜರ್. ದನಿ ಏರಿತು. ಇಷ್ಟು ವರ್ಷ ಜಗಳವಾಡದವರು ಸಾಫ್ಟ್‌ವೇರಿನ ದೆಸೆಯಿಂದ ಜಗಳವಾಡುತ್ತಾರಲ್ಲ ಎಂದು ಜಹೀದಾ ಹಣೆ ಚಚ್ಚಿಕೊಂಡಳು. ಅಮೂಲ್ಯ ಇಬ್ಬರನ್ನೂ ನೋಡಿ, "ನಾಳೆ ಹೇಳ್ತೀನಿ," ಎಂದಷ್ಟೇ ಹೇಳಿ ಎದ್ದಳು.

ಅಮೂಲ್ಯ ಹೇಳಿದಂತೆ ತಿಂಗಳಿಗೆ ಕೆಲಸ ಮುಗಿಯಿತು. ಲೇತೂ ಬಂತು. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಮಹೇಂದ್ರ ಫೋನ್ ಹಿಡಿದುಕೊಂಡು ಕಚೇರಿಗೆ ಬಂದರು.

"ಕಂಪನಿಯವರು ಎಲ್ಲಾ ನೋಡಿದ್ದಾರಂತೆ, ಒಪ್ಪಿದ್ದಾರೆ. ಮುಂದಿನ ಕಂತು ಬರುತ್ತೆ," ಎಂದರು. ಆಮೇಲೆ ದನಿ ತಗ್ಗಿಸಿ, "ಒಂದೇ ಒಂದು ಪ್ರಶ್ನೆ ಕೇಳಿದ್ದಾರಮ್ಮ. ಜೋಡಿ ಲೇತಿನ ಪುಟ ತೆರೆದಾಗಲೆಲ್ಲ ಹೆಸರು ಹಿಂದುಮುಂದಾಗುತ್ತಂತೆ. ಏನೋ ತಪ್ಪಿರಬೇಕು, ಸರಿ ಮಾಡಿಸಿ ಅಂತಾರೆ."

"ತಪ್ಪಲ್ಲ, ನಮ್ಮಲ್ಲಿ ಹಾಗೇನೇ ಅಂತ ಬರೀರಿ ಸಾರ್," ಎಂದಳು ಜಹೀದಾ.

ಅವರು ಕನ್ನಡಕ ಹಾಕಿಕೊಂಡು ಹಾಗೆಯೇ ಬರೆಯತೊಡಗಿದರು. ಜಹೀದಾ ತನ್ನ ಕಂಪ್ಯೂಟರಿನಲ್ಲಿ ಆ ಪುಟ ತೆರೆದಳು. ಅಂಕಯ್ಯ, ಅಜರ್ ಎಂದಿತ್ತು. ಮುಚ್ಚಿ ಮತ್ತೆ ತೆರೆದಳು. ಅಜರ್, ಅಂಕಯ್ಯ. ಕೆಲಸ ಬೇಕಾದಷ್ಟಿತ್ತು, ಆದರೂ ಇನ್ನೊಂದು ಸಲ ಮುಚ್ಚಿ ತೆರೆದಳು.