ಗಡ್ಡದೊಳಗಿನ ಗಂಟು

ಮಧ್ಯಾಹ್ನ ಆಡುಗಳು ಮೆಲುಕು ಹಾಕುವ ಹೊತ್ತಿಗೆ ನಾನೂ ಕೊಟ್ಟಿಗೆಯಲ್ಲಿ ಹಿಂಡಿ ಮೂಟೆಗೆ ಒರಗಿ ಅರೆನಿದ್ದೆ ಮಾಡುತ್ತೇನೆ. ಆ ಹೊತ್ತಿನಲ್ಲಿ ಯಾವುದಕ್ಕೂ ಅಂಚು ಇರುವುದಿಲ್ಲ. ಹಲಗೆಗಳ ಸಂದಿಯಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಬೀಳುತ್ತದೆ, ಹುಲ್ಲಿನ ಧೂಳು ಅದರಲ್ಲಿ ಏರುತ್ತ ಇಳಿಯುತ್ತ ತೇಲುತ್ತದೆ, ಹದಿನಾಲ್ಕು ದವಡೆಗಳು ನಿಧಾನವಾಗಿ ಪಕ್ಕಕ್ಕೆ ಜರುಗುತ್ತವೆ. ಹದಿನೈದನೆಯದು ನನ್ನದು ಎಂದು ನಮ್ಮ ಮನೆಯವರು ಛೇಡಿಸುತ್ತಾರೆ. ಛೇಡಿಸಲಿ. ಕನ್ನಡಕದ ಅಂಗಡಿ ಇಟ್ಟವರು, ಕಂಡದ್ದನ್ನು ಹೇಳುತ್ತಾರೆ.

ಅಂಥದೊಂದು ಮಧ್ಯಾಹ್ನ ನಾನು ಮಾವನ ಗಡ್ಡ ಬಾಚುತ್ತಿದ್ದೆ. ಮಾವ ಅಂದರೆ ಗಂಡನ ಅಪ್ಪನಲ್ಲ, ನಮ್ಮ ಹೋತ. ಚಿಕ್ಕ ವಯಸ್ಸಿಗೇ ಎದೆಯವರೆಗೆ ಗಡ್ಡ ಬಿಟ್ಟು, ಸೊಸೆ ಹಾಕಿದ ಉಪ್ಪು ಹೆಚ್ಚಾಯಿತು ಎನ್ನುವ ಮುಖದಲ್ಲಿ ಎಲ್ಲರನ್ನೂ ನೋಡುತ್ತಿದ್ದ, ಹಾಗಾಗಿ ಆ ಹೆಸರು ನಿಂತಿತು. ಮೊಬೈಲಿನಲ್ಲಿ ಆಡು ಸಾಕುವವರ ಗುಂಪೊಂದಿದೆ. ಅದನ್ನು ಕಟ್ಟಿದವಳು ನಾನೇ, ನಡೆಸುವವಳೂ ನಾನೇ. ಎಲ್ಲರೂ ನನ್ನನ್ನು ಅಡ್ಮಿನಮ್ಮ ಅಂತ ಕರೆಯುತ್ತಾರೆ. ಗುಂಪಿಗೆ ಎರಡು ಸಾವಿರ ಜನ ಆಗುವುದರಲ್ಲಿದ್ದರು, ಆ ದಿನಕ್ಕೆ ಮಾವನ ಹೊಸ ಫೋಟೋ ಹಾಕೋಣ ಎಂದುಕೊಂಡಿದ್ದೆ.

ಬಾಚಣಿಗೆ ದವಡೆಯ ಕೆಳಗೆ ಏನಕ್ಕೋ ತಡೆಯಿತು. ಮುಳ್ಳಿನಕಾಯಿ ಸಿಕ್ಕಿಕೊಂಡಿರಬೇಕು ಅಂತ ಕೈ ಹಾಕಿದೆ. ಗಂಟು. ನಿಂಬೆಹಣ್ಣಿನಷ್ಟಿತ್ತು, ಗಟ್ಟಿಯಾಗಿತ್ತು, ಸ್ವಲ್ಪ ಬೆಚ್ಚಗಿತ್ತು. ಅದರ ಪಕ್ಕದಲ್ಲೇ ಕೂದಲಿಲ್ಲದ ಒಂದು ಸಣ್ಣ ಕಲೆ ಬೆರಳಿಗೆ ಸಿಕ್ಕಿತು. ಅಂದರೆ ಇದು ಮೊದಲನೆಯದಲ್ಲ. ಹಿಂದೊಮ್ಮೆ ಒಂದು ಗಂಟು ಎದ್ದು, ಒಡೆದು, ಮಾಯ್ದಿದೆ. ಇಷ್ಟೆಲ್ಲ ಆಗುವಾಗ ನಾನು ಎಲ್ಲಿದ್ದೆ?

ಎಲ್ಲಿದ್ದೆ ಅಂದರೆ, ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ನಮ್ಮ ಗುಂಪಿನಲ್ಲಿ ‘ಭಾನುವಾರದ ಕೈ’ ಅಂತ ಒಂದು ಪದ್ಧತಿ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಆಡುಗಳ ಕಿವಿ ಹಿಂದೆ, ದವಡೆ ಕೆಳಗೆ, ತೊಡೆ ಸಂದಿಗೆ ಕೈಯಾಡಿಸಿ, ‘ಕೈಯಾಡಿಸಿದೆ, ಎಲ್ಲ ಸರಿ’ ಅಂತ ಬರೆಯಬೇಕು. ಕೀವುಗಂಟು ಅಂತ ರೋಗವಿದೆ. ಗಾಳಿಯಲ್ಲಿ ಬರುವುದಿಲ್ಲ. ಗಂಟು ಒಡೆದು ಕೀವು ಎಲ್ಲೆಲ್ಲಿ ಅಂಟುತ್ತದೋ, ಮೇವಿನ ತೊಟ್ಟಿ, ಬೇಲಿ ಗೂಟ, ನಮ್ಮ ಅಂಗೈ, ಅಲ್ಲಿಂದೆಲ್ಲ ಹರಡುತ್ತದೆ. ಒಮ್ಮೆ ಆಡಿನ ಹಿಂಡಿನೊಳಗೆ ಹೊಕ್ಕರೆ ಬಿಡಿಸುವುದು ಕಷ್ಟ. ಅದಕ್ಕೇ ಈ ಪದ್ಧತಿ ತಂದವಳು ನಾನು. ಬರೆಯದವರನ್ನು ಹೆಸರು ಹಿಡಿದು ಕೂಗಿ ಎಬ್ಬಿಸುವವಳೂ ನಾನು. ಆದರೆ ಮಾವನಿಗೆ ಗಡ್ಡ ಮುಟ್ಟಿದರೆ ಆಗುವುದಿಲ್ಲ, ಕೊಂಬು ಬೀಸುತ್ತಾನೆ. ಹಾಗಾಗಿ ಹದಿಮೂರಕ್ಕೆ ಕೈಯಾಡಿಸಿ ಹದಿನಾಲ್ಕಕ್ಕೂ ಸರಿ ಅಂತ ಬರೆಯುತ್ತಿದ್ದೆ. ಆರೇಳು ತಿಂಗಳಿಂದ ಹಾಗೆಯೇ ಬರೆದಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಈ ಆರೇಳು ತಿಂಗಳಲ್ಲಿ ಮಾವ ಹನ್ನೊಂದು ಮನೆಗಳಿಗೆ ಹೋಗಿ ಬಂದಿದ್ದ. ಗುಂಪಿನವರ ಹೆಣ್ಣಾಡುಗಳ ಜೊತೆ ಬಿಡಲು ಅವನನ್ನೇ ಕೇಳುತ್ತಿದ್ದರು, ನಾನೂ ಹೆಮ್ಮೆಯಿಂದ ಕಳಿಸುತ್ತಿದ್ದೆ. ಎಷ್ಟೋ ಸಲ ಒಬ್ಬರ ಮನೆಯಿಂದಲೇ ಇನ್ನೊಬ್ಬರು ಬಂದು ಕರೆದೊಯ್ಯುತ್ತಿದ್ದರು, ಅಂಥವರ ಮನೆಯನ್ನಾಗಲಿ ಮುಖವನ್ನಾಗಲಿ ನಾನು ಕಂಡಿರಲಿಲ್ಲ. ಒಂದೊಂದು ಮನೆಯಲ್ಲೂ ಎರಡು ದಿನ, ಮೂರು ದಿನ ಇದ್ದು, ಅವರ ತೊಟ್ಟಿಯಲ್ಲಿ ತಿಂದು, ಅವರ ಬೇಲಿಗೆ ಗಡ್ಡ ಉಜ್ಜಿ ಬರುತ್ತಿದ್ದ.

ಪಶುವೈದ್ಯೆ ಬಂದರು. ಕೈಗವಸು ಹಾಕಿಕೊಂಡು ಗಂಟಿನೊಳಕ್ಕೆ ಸೂಜಿ ಇಳಿಸಿ ಮಾದರಿ ತೆಗೆದರು, ಮಾವನನ್ನು ಹಿತ್ತಲ ಬೇರೆ ಚಪ್ಪರಕ್ಕೆ ಕಟ್ಟಿಸಿದರು.

“ಐದು ದಿನ ಆಗುತ್ತೆ ರಿಪೋರ್ಟಿಗೆ. ಆದ್ರೆ ನಾನು ರಿಪೋರ್ಟಿಗೆ ಕಾಯ್ತಿಲ್ಲಮ್ಮ, ನನಗೆ ಗೊತ್ತಾಗಿದೆ,” ಅಂದರು.

“ಇದೇ ಅಂತ ಆದ್ರೆ?”

“ಇವನನ್ನ ಇಟ್ಕೊಳ್ಳೋ ಹಾಗಿಲ್ಲ. ನೋವಾಗದ ಹಾಗೆ ಕಳಿಸ್ತೀನಿ. ನೀವು ಮಾತ್ರ ಅವನು ಹೋದ ಮನೆಗಳಿಗೆಲ್ಲ ಹೇಳ್ಬೇಕು.”

ಹೇಳಬೇಕು ಅನ್ನುವುದು ಬಾಯಿಗೆ ಸುಲಭ. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಹೀಗೆ ಹೇಳಿದವರಿಗೆ ನಮ್ಮ ಗುಂಪಿನಲ್ಲಿ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಒಬ್ಬಳು ಹೇಳಿದ್ದಳು.

‘ನನಗಿರೋದೇ ಎರಡು ಆಡು’ ಅಂತ ಪರಿಚಯ ಹೇಳಿಕೊಂಡು ಸೇರಿದವಳು. ಇಸ್ತ್ರಿ ಅಂಗಡಿಯವಳು. ಒಂದು ದಿನ ಅವಳು ತನ್ನ ಬಿಳಿ ಆಡಿನ ದವಡೆಯ ಫೋಟೋ ಹಾಕಿ, ಉದ್ದ ಗಡ್ಡದ ಹೋತ ಮನೆಗೆ ಬಂದು ಹೋದ ಮೇಲೆ ಈ ಗಂಟು ಬಂದಿದೆ, ಎಲ್ಲರೂ ನೋಡಿಕೊಳ್ಳಿ ಅಂತ ಬರೆದಳು. ಯಾರ ಹೋತ ಅಂತ ಬರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವಳು ನಾನು. ಗುಂಪಿನವರು ನನ್ನ ಪರವಾಗಿ ಅವಳ ಮೇಲೆ ಮುಗಿಬಿದ್ದರು. ಲಾರಿಯಣ್ಣ ಅಂತ ಒಬ್ಬ ಹಳೇ ಸದಸ್ಯ, ಲಾರಿಯಲ್ಲಿ ಆಡು ಸಾಗಿಸುವವನು, ಬೇರೆಯೇ ಒಂದು ಪೋಸ್ಟ್ ಹಾಕಿ, ಧೈರ್ಯವಿದ್ದರೆ ವಿಳಾಸ ಹಾಕು, ನಿನ್ನ ಕೊಟ್ಟಿಗೆ ಎಷ್ಟು ಚೊಕ್ಕಟವಾಗಿದೆ ಬಂದು ನೋಡುತ್ತೇವೆ ಅಂದ. ಅವಳು ರೋಷಕ್ಕೆ ಬಿದ್ದು ಅದರ ಕೆಳಗೆ ಬೀದಿ, ಮನೆ ನಂಬರು ಎಲ್ಲ ಬರೆದುಬಿಟ್ಟಳು. ನಾನು ಅವಳ ಫೋಟೋದ ಪೋಸ್ಟ್ ಅಳಿಸಿದೆ, ಅವಳನ್ನು ಗುಂಪಿನಿಂದ ತೆಗೆದೆ. ಸಾಕ್ಷಿಯಿಲ್ಲದೆ ದೂರಬಾರದು, ಗುಂಪಿನ ಸುರಕ್ಷತೆಗಾಗಿ ಈ ಕ್ರಮ ಅಂತ ಗಂಭೀರವಾಗಿ ಬರೆದೆ. ಅವಳ ಒಳ್ಳೆಯದಕ್ಕೇ ಮಾಡಿದೆ ಅಂತ ಮನಸ್ಸಿಗೆ ಹೇಳಿಕೊಂಡು ಹೋಗಿ ಹಾಲು ಕರೆದೆ.

ರಿಪೋರ್ಟಿಗೆ ಕಾದ ಆ ಐದು ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಹುಲ್ಲು ಕೊಯ್ದೆ, ಬೋಗುಣಿ ತೊಳೆದೆ, ತೊಟ್ಟಿಗೆ ಸುಣ್ಣ ಬಳಿದೆ, ಆದರೆ ಆ ಕೈಗಳು ನನ್ನವಲ್ಲ ಅನ್ನಿಸುತ್ತಿತ್ತು. ಮಧ್ಯಾಹ್ನ ಮೂಟೆಗೆ ಒರಗಿದರೆ ಕಣ್ಣು ಮುಚ್ಚುವ ಮೊದಲೇ ಕನಸು ಶುರುವಾಗುತ್ತಿತ್ತು. ಕೊಟ್ಟಿಗೆಯ ತುಂಬ ಗುಂಪಿನ ಎರಡು ಸಾವಿರ ಜನ ಕಾಲು ಮಡಚಿ ಕೂತಿರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಏನನ್ನೋ ಮೆಲುಕು ಹಾಕುತ್ತಿದ್ದರು. ನಾನು ಸಾಲು ಸಾಲಾಗಿ ಅವರ ದವಡೆ ಕೆಳಗೆ ಕೈಯಾಡಿಸುತ್ತ ಹೋಗುತ್ತಿದ್ದೆ, ಅವರು ಕುತ್ತಿಗೆ ಚಾಚಿ ಕೊಡುತ್ತಿದ್ದರು, ಸಾಲು ಮುಗಿಯುತ್ತಲೇ ಇರಲಿಲ್ಲ. ಎಚ್ಚರವಾದಾಗ ಹಿತ್ತಲಿಂದ ಮಾವ ಒಂದೇ ಸಮನೆ ಕೂಗುತ್ತಿದ್ದ. ಒಂಟಿಯಾಗಿ ಇದ್ದು ಅಭ್ಯಾಸವಿಲ್ಲ ಅವನಿಗೆ. ಹೋಗಿ ದೂರದಿಂದ ಮಾತಾಡಿಸಿ ಬರುತ್ತಿದ್ದೆ.

ನಡುವೆ ಭಾನುವಾರ ಬಂತು. ನಾನು ‘ಕೈಯಾಡಿಸಿದೆ’ ಅಂತಷ್ಟೇ ಬರೆದೆ. ‘ಎಲ್ಲ ಸರಿ’ ಅನ್ನುವುದನ್ನು ಬರೆಯಲಿಲ್ಲ. ಅರ್ಧ ಗಂಟೆಯಲ್ಲಿ ಮುನ್ನೂರು ಜನ ಹೆಬ್ಬೆರಳು ಒತ್ತಿದರು. ಒಬ್ಬರಿಗೂ ಅದು ಕಾಣಲಿಲ್ಲ.

ನಮ್ಮ ಮನೆಯವರಿಗೆ ಕಂಡದ್ದು ಬೇರೆ. ಅವರು ಮಾವನ ಹಳೇ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು, ಅಂಗಡಿಯ ಭೂತಗನ್ನಡಿ ಹಿಡಿದು ನೋಡುತ್ತಿದ್ದರು.

“ಇಲ್ಲಿ ನೋಡು. ಗಡ್ಡ ಎಡಕ್ಕೆ ಎದ್ದು ನಿಂತಿದೆ. ಒಳಗೆ ಏನೋ ಇದೆ,” ಅಂದರು. ಐದು ತಿಂಗಳ ಹಿಂದಿನ ಫೋಟೋ. ಇಸ್ತ್ರಿಯವಳ ಮನೆಗೆ ಅವನು ಹೋಗುವುದಕ್ಕೆ ಒಂದು ವಾರ ಮುಂಚಿನದು.

“ಹೇಳ್ಬೇಡ ಅಂತೀರಾ?” ಅಂದೆ.

“ನಾನ್ಯಾಕೆ ಹಾಗಂತೀನಿ? ಆದ್ರೆ ಹೇಳೋದಾದ್ರೆ ಮೊದಲು ಆಕೆಗೆ ಹೇಳು. ಆಮೇಲೆ ಊರಿಗೆ.”

ಅವಳನ್ನು ಹುಡುಕಲು ಮೊಬೈಲ್ ಹಿಡಿದೆ. ಪರಿಚಯವಿಲ್ಲದವರ ಮೆಸೇಜುಗಳು ಬೇರೆ ಒಂದು ಮೂಲೆಗೆ ಹೋಗಿ ಬೀಳುತ್ತವೆ, ಆ ಕಡೆ ನಾನು ತಲೆ ಹಾಕಿದ್ದೇ ಇಲ್ಲ. ಅಲ್ಲಿ ಅವಳವು ಹದಿನೇಳು ಇದ್ದವು. ಮೊದಲನೆಯದು, ‘ಅಕ್ಕಾ, ಲಾರಿಯವರ ಪೋಸ್ಟಿನ ಕೆಳಗೆ ನನ್ನ ಮನೆ ನಂಬರ್ ಇದೆ. ದಯವಿಟ್ಟು ತೆಗೀರಿ. ಗುಂಪಿಂದ ಹೊರಗೆ ಹಾಕಿದ್ದೀರಲ್ಲ, ನನಗೆ ಅಳಿಸೋಕೆ ಬರ್ತಿಲ್ಲ.’ ಎರಡನೆಯದೂ ಅದೇ, ಮೂರನೆಯದೂ ಅದೇ. ಐದನೆಯದರಲ್ಲಿ, ಗೇಟಿನ ಹತ್ತಿರ ಯಾರೋ ನಿಂತು ಫೋಟೋ ತೆಗೆದರು ಅಂತಿತ್ತು. ಒಂಬತ್ತು ದಿನ ಬರೆದಿದ್ದಳು. ಕೊನೆಯದು, ‘ಇನ್ನು ತೆಗೀಬೇಡಿ. ಬಂದು ಹೋದರು.’

ನಾನು ಆ ಮೊಬೈಲನ್ನು ಹುಲ್ಲಿನ ಮೇಲೆ ಇಟ್ಟು ಕೂತುಬಿಟ್ಟೆ. ಅವಳ ಬಾಯಿ ಮುಚ್ಚಿಸಿ ಅವಳ ಬಾಗಿಲನ್ನು ತೆರೆದಿಟ್ಟು ಬಂದಿದ್ದೆ. ಲಾರಿಯಣ್ಣನ ಪೋಸ್ಟ್ ಹುಡುಕಿದೆ. ವಿಳಾಸ ಇನ್ನೂ ಅಲ್ಲೇ ಇತ್ತು. ಅದನ್ನು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಅಳಿಸಿದೆ.

ಮಂಗಳವಾರ ಬೆಳಿಗ್ಗೆ ರಿಪೋರ್ಟ್ ಬಂತು. ಕೀವುಗಂಟೇ. ಮಾವನಿಗೆ ಮೇವು ಹಾಕಿ, ಅವನ ಕಣ್ಣು ತಪ್ಪಿಸಿ, ಬಸ್ಸು ಹತ್ತಿದೆ. ಕಿಟಕಿಯ ಆಚೆ ಬೀದಿಗಳು ನೀರಿನಲ್ಲಿ ಕಂಡ ಹಾಗೆ ಹರಿದು ಹೋದವು. ಇಳಿದದ್ದು, ನಡೆದದ್ದು ಯಾವುದೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬಿಸಿ ಬಟ್ಟೆಯ ವಾಸನೆ, ಅದರ ಹಿಂದೆ ಸಣ್ಣದಾಗಿ ಆಡಿನ ವಾಸನೆ. ಆಮೇಲೆ ಗೇಟು. ಅದಕ್ಕೆ ಮೂರು ಚಿಲಕ.

ನನ್ನನ್ನು ನೋಡಿ ಅವಳು ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಅಂಗಳಕ್ಕೆ ಬಂದಳು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಫೋಟೋದಲ್ಲಿ ನೋಡಿದ್ದಳೋ ಏನೋ, ಗುರುತು ಹಿಡಿದಳು.

“ಹೋತನ ಹತ್ತಿರದಿಂದ ಬಂದ್ರಾ?” ಅಂದಳು.

“ಹೌದಮ್ಮ. ಅವನಿಗೆ...”

“ಅಲ್ಲೇ ನಿಲ್ಲಿ. ಅದೇ ಚಪ್ಪಲೀನಾ?”

ಕೆಳಗೆ ನೋಡಿದೆ. ಕೊಟ್ಟಿಗೆಯ ಚಪ್ಪಲಿ. ಎರಡು ಸಾವಿರ ಜನಕ್ಕೆ ಪಾಠ ಹೇಳುವವಳು ರೋಗದ ಕೊಟ್ಟಿಗೆಯಿಂದ ಚಪ್ಪಲಿ ಕೂಡ ಬದಲಿಸದೆ ಇನ್ನೊಬ್ಬರ ಗೇಟಿಗೆ ಬಂದಿದ್ದೆ. ಅವಳು ಒಂದು ಪ್ಲಾಸ್ಟಿಕ್ ಚೀಲ, ಬಕೆಟ್ ನೀರು, ಸೋಪು ಗೇಟಿನ ಮೇಲಿಂದ ಕೊಟ್ಟಳು. ಚಪ್ಪಲಿ ಚೀಲಕ್ಕೆ ಹಾಕಿ, ಬೀದಿಯಲ್ಲೇ ನಿಂತು ಮೊಣಕೈವರೆಗೆ, ಮೊಣಕಾಲವರೆಗೆ ತೊಳೆದುಕೊಂಡೆ. ಗೇಟು ಆಗಲೂ ತೆರೆಯಲಿಲ್ಲ.

“ಕಂದು ಬಣ್ಣದ ಆಡು ಮಾತ್ರ ಉಳ್ಕೊಂಡಿದೆ. ಅದಕ್ಕೇನೂ ಬಂದಿಲ್ಲ,” ಅಂದಳು. “ಅವರು ಬಂದು ಹೋದ ದಿನ ಬೆಳಗ್ಗೆ ಎದ್ದು ನೋಡ್ತೀನಿ, ಗೇಟು ಪೂರ್ತಿ ತೆರೆದೇ ಬಿಟ್ಟಿದ್ರು. ಎರಡೂ ಇಲ್ಲ. ಇದು ಸಂಜೆಗೆ ಬಂತು. ಬಿಳೀದು ಬರ್ಲೇ ಇಲ್ಲ. ಗಂಟು ಒಡೆಯೋ ಹಾಗಿತ್ತು ಅದಕ್ಕೆ. ಎಷ್ಟು ಜನರ ತೊಟ್ಟೀಲಿ ಬಾಯಿ ಹಾಕಿದ್ಯೋ.”

“ನನ್ನಿಂದಾಯ್ತು,” ಅಂದೆ. ರಿಪೋರ್ಟ್ ಬಂದದ್ದನ್ನೂ, ಆರು ತಿಂಗಳಿಂದ ಅವನ ಗಡ್ಡಕ್ಕೆ ಕೈ ಹಾಕದೆಯೇ ‘ಎಲ್ಲ ಸರಿ’ ಅಂತ ಬರೆದದ್ದನ್ನೂ ಹೇಳಿದೆ.

“ಹೌದು,” ಅಂದಳು.

ಒಳಗಿನಿಂದ ಕಂದು ಆಡು ಬಂದು ಗೇಟಿನ ಸಂದಿಯಲ್ಲಿ ನನ್ನನ್ನು ನೋಡಿತು. ಮುಟ್ಟಬೇಕು ಅನ್ನಿಸಿತು, ಕೈ ಹಿಂದಕ್ಕೆ ಕಟ್ಟಿಕೊಂಡೆ.

“ಇಲ್ಲೇ ಬರೀತೀನಿ. ನಿಮ್ಮೆದುರಿಗೇ,” ಅಂತ ಮೊಬೈಲ್ ತೆಗೆದೆ. ಬರೆದೆ. ಮಾವನಿಗೆ ಕೀವುಗಂಟು ಇದ್ದಂತಿದೆ, ಅವನು ಬಂದು ಹೋದ ಹನ್ನೊಂದು ಮನೆಯವರು ದಯವಿಟ್ಟು ಪರೀಕ್ಷೆ ಮಾಡಿಸಿ ಅಂತ. ಅವಳು ಗೇಟಿನ ಮೇಲಿಂದ ಬಗ್ಗಿ ಓದಿದಳು.

“‘ಇದ್ದಂತಿದೆ’ ಯಾಕೆ? ಇದೆ ಅಂತ ಬರೀರಿ. ಆರು ತಿಂಗಳಿಂದ ಇದೆ, ನಾನು ಕೈಯಾಡಿಸ್ದೆ ಸುಳ್ಳು ಬರೆದೆ ಅಂತ ಬರೀರಿ. ಇಲ್ದಿದ್ರೆ ಯಾರೂ ಹೆದರಲ್ಲ.”

ಅಕ್ಷರ ಅಕ್ಷರವೂ ಹಾಗೇ ತಿದ್ದಿದೆ. ಅವಳು ಹೇಳಿದ್ದೇ ಸರಿಯಿತ್ತು. ಕೊನೆಗೆ, ಇದನ್ನು ನಾಲ್ಕು ತಿಂಗಳ ಹಿಂದೆಯೇ ಒಬ್ಬರು ಹೇಳಿದ್ದರು, ಅವರನ್ನು ನಾನು ಹೊರಗೆ ಹಾಕಿದೆ ಅಂತ ಬರೆಯತೊಡಗಿದೆ. ಅದಕ್ಕಾಗಿಯೇ ಬಂದಿದ್ದೆ ನಾನು. ಅವಳ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

“ಅದು ಬೇಡ.”

“ನಿಮ್ಮ ಮೇಲಿನ ಅಪವಾದ ಹೋಗ್ಬೇಕಲ್ಲಮ್ಮ.”

“ಬೇಡ ಅಂದ್ನಲ್ಲ. ಒಬ್ಬರು ಅಂದ್ರೂ ಸಾಕು, ನೆನಪಾಗುತ್ತೆ ಅವರಿಗೆ. ಮತ್ತೆ ಹುಡುಕ್ತಾರೆ. ನಂದು ಒಂದೇ ಇರೋದು ಈಗ.”

ಆ ಸಾಲನ್ನು ಅಳಿಸಿದೆ. ಉಳಿದದ್ದನ್ನು ಕಳಿಸಿದೆ. ಬೈಗುಳ ಬರುತ್ತದೆ ಅಂತ ಹಲ್ಲು ಕಚ್ಚಿಕೊಂಡು ನಿಂತೆ. ಅದನ್ನು ಅವಳ ಎದುರಿಗೇ ತಿನ್ನಬೇಕು ಅನ್ನುವ ಆಸೆಯೂ ಇತ್ತು, ಒಪ್ಪಿಕೊಳ್ಳುತ್ತೇನೆ.

ಮೊದಲು ಬರೆದವನು ಲಾರಿಯಣ್ಣ. ಮೊಬೈಲ್ ಅವಳ ಕಡೆಗೇ ತಿರುಗಿತ್ತು, ಅವಳೇ ಗಟ್ಟಿಯಾಗಿ ಓದಿದಳು.

“‘ಅಡ್ಮಿನಮ್ಮ, ನಿಮ್ಮಂಥೋರು ಸಾವಿರಕ್ಕೊಬ್ರು. ಇಷ್ಟು ವರ್ಷದಲ್ಲಿ ಧೈರ್ಯವಾಗಿ ನಿಜ ಹೇಳಿದೋರು ನೀವೇ ಮೊದಲು.’”

ಅದರ ಕೆಳಗೆ ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಒಂದರ ಹಿಂದೆ ಒಂದು ಬರತೊಡಗಿದವು. ದೊಡ್ಡ ಮನಸ್ಸು ಅಂದರು, ತಾಯಿ ಅಂದರು. ನಾನು ಉತ್ತರ ಬರೆಯಲು ಬೆರಳು ಎತ್ತಿದೆ.

“ಏನೂ ಬರೀಬೇಡಿ, ಏನೂ ಅಳಿಸ್ಬೇಡಿ. ಹಾಗೇ ಇರ್ಲಿ,” ಅಂದಳು.

ಮೊಬೈಲನ್ನು ನನ್ನ ಕಡೆಗೆ ದೂಡಿ, ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ನಾನು ಬರಿಗಾಲಿನಲ್ಲಿ ಬೀದಿಯಲ್ಲಿ ನಿಂತಿದ್ದೆ. ಹೊಗಳಿಕೆ ಬರುತ್ತಲೇ ಇತ್ತು, ಒಂದನ್ನೂ ಅಳಿಸುವ ಹಾಗಿರಲಿಲ್ಲ.