ಭಿನ್ನಮತದ ಪ್ಯಾರಾ

“ಆ ಪ್ಯಾರಾ ಇರಲ್ಲ, ಡೆಟ್ಲೆಫ್. ಹೇಳಿ ಹೇಳಿ ನನ್ನ ಗಂಟಲು ಹರಿದುಹೋಯ್ತು.”

“ಕೆಳಗೆ ನನ್ನ ಹೆಸರಿದೆಯಲ್ಲ ವೀಬ್ಕೆ? ಬೈಗುಳ ಬಂದ್ರೆ ನನಗೆ ಬರುತ್ತೆ. ನಿನಗೇನು ಕಷ್ಟ?”

“ಬರ್ಲಿನ್ನಿನ ಸರ್ಕಾರಕ್ಕೆ ಸಂಸ್ಥೆಯ ಒಂದೇ ಮಾತು ಹೋಗ್ಬೇಕು. ಅದೇ ಕಷ್ಟ.”

ಅರ್ಥಶಾಸ್ತ್ರ ಸಂಸ್ಥೆಯ ವಸಂತಕಾಲದ ವರದಿಯ ಕೊನೆಯ ಓದು ನಡೆದಿತ್ತು. ಉಳಿದವರೆಲ್ಲ ಕಾಫಿ ಲೋಟದೊಳಗೆ ಇಣುಕುತ್ತ ಕೂತಿದ್ದರು. ಮನೆ ಬೆಲೆ ಏರುತ್ತಿರುವುದಕ್ಕೆ ಚಿಂತೆ ಬೇಡ ಎಂದು ಅವರೆಲ್ಲ ಒಪ್ಪಿಯಾಗಿತ್ತು. ಒಪ್ಪದವನು ಡೆಟ್ಲೆಫ್ ಹಾರ್ಮ್ಸ್ ಒಬ್ಬನೇ.

“ಹೊರದೇಶಕ್ಕೆ ಯಂತ್ರ ಮಾರಿ ಮಾರಿ ದುಡ್ಡು ಗುಡ್ಡೆ ಹಾಕಿದ್ದೀವಿ. ಬ್ಯಾಂಕಲ್ಲಿಟ್ರೆ ಬಡ್ಡಿ ಹುಟ್ಟಲ್ಲ. ದುಡ್ಡಿರೋರೆಲ್ಲ ಹೋಗಿ ಮನೆ ಮೇಲೆ ಮನೆ ಕೊಳ್ತಿದ್ದಾರೆ. ಬಾಡಿಗೆಗಿರೋರು ಸಮುದ್ರಕ್ಕೆ ಬೀಳ್ಬೇಕಾ?”

“ಇಪ್ಪತ್ತು ವರ್ಷದಿಂದ ಆಕಾಶ ಕಳಚಿ ಬೀಳುತ್ತೆ ಅಂತಿದ್ದೀಯ. ಇನ್ನೂ ಅಲ್ಲೇ ಇದೆ.”

“ನಿರ್ದೇಶಕಿ ಆದಮೇಲೆ ನೀನು ತಲೆ ಎತ್ತಿ ನೋಡಿದ್ರೆ ತಾನೆ?”

ವೀಬ್ಕೆಯ ಕೆನ್ನೆ ಉರಿಯಿತು. ಇದೇ ಮೇಜಿನಲ್ಲಿ ಅವಳೂ ಒಮ್ಮೆ ಒಬ್ಬಂಟಿಯಾಗಿದ್ದಳು. ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದ್ದು ತಪ್ಪು ಎಂದು ಬರೆದಾಗ ಆಗಿನ ನಿರ್ದೇಶಕ, ಮುದುಕ ಬ್ರೋಡರ್‌ಸೆನ್ ಹಾಳೆ ಎಸೆದು ಗುಡುಗಿದ್ದರು. “ಶುದ್ಧ ಅವಿವೇಕ, ಹುಡುಗಿ. ಆದ್ರೆ ಪೂರ್ತಿ ಅಚ್ಚಾಗ್ಲಿ. ಒಂದು ಅಲ್ಪವಿರಾಮಾನೂ ಬಿಡ್ಬೇಡಿ.” ಭಿನ್ನಮತ ಇದ್ದವರ ಮಾತು ಹೆಸರು ಸಮೇತ ಅದೇ ವರದಿಯಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರಬೇಕು, ಅದು ಸಂಸ್ಥೆಯ ರೂಢಿ. ಅವಳ ಮಾತು ಒಪ್ಪದ ಡೆಟ್ಲೆಫನೇ ಕೂತು ಕರಡು ತಿದ್ದಿದ್ದ. ಆಮೇಲೆ ಮೂವರೂ ಬಂದರಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಹೆರಿಂಗ್ ಮೀನಿನ ಬನ್ನು ತಿಂದರು. ಜಗಳ ನಿಂತಿರಲಿಲ್ಲ. ಬಾಯಿ ತುಂಬ ಈರುಳ್ಳಿ ಇಟ್ಟುಕೊಂಡೇ ಬ್ರೋಡರ್‌ಸೆನ್ ಬೈಯುತ್ತಿದ್ದರು. ಕೀಲ್ ಊರಿನ ಗಾಳಿಗೆ ಅವರ ಟೋಪಿ ನೀರಿಗೆ ಬಿದ್ದಾಗ ಅವಳು ಎಷ್ಟು ನಕ್ಕಿದ್ದಳು.

“ಬ್ರೋಡರ್‌ಸೆನ್ ಇದ್ದಿದ್ರೆ...” ಎಂದ ಡೆಟ್ಲೆಫ್.

“ಅವರಿಲ್ಲ. ನಾನಿದ್ದೀನಿ. ತೆಗೀತೀನಿ.”

ಅವನು ಕನ್ನಡಕ ಮಡಚಿ ಜೇಬಿಗಿಟ್ಟ.

“ಹಾಗೇ ಆಗ್ಲಿ, ಡಾಕ್ಟರ್ ಲೊರೆನ್‌ಜೆನ್. ನೀವು ಓದಿ ಮುಗಿಸಿ.”

ಮೂವತ್ತು ವರ್ಷ ‘ವೀಬ್ಕೆ, ನೀನು’ ಎಂದ ಬಾಯಿ. ಬಾಗಿಲನ್ನು ಅವನು ಮೆಲ್ಲಗೆ ಹಾಕಿಕೊಂಡು ಹೋದ. ದಢಾರೆಂದು ಬಡಿದಿದ್ದರೆ ಅವಳು ಹಿಂದೆ ಓಡುತ್ತಿದ್ದಳೇನೋ.

ಓದು ಮುಂದುವರಿಯಿತು. ಕೊನೆಯ ಸಾಲು ಮುಗಿದಾಗ ಎಲ್ಲರೂ ಗೆಣ್ಣಿನಿಂದ ಮೇಜು ಕುಟ್ಟಿ ಒಪ್ಪಿಗೆ ಕೊಟ್ಟರು. ಒಂದು ಅಪಸ್ವರವೂ ಇರಲಿಲ್ಲ. ವೀಬ್ಕೆ ಕಿಟಕಿಯತ್ತ ತಿರುಗಿದಳು. ಆಚೆ ದಡಕ್ಕೆ ಹೊರಟ ದೋಣಿಯ ಮೇಲೆ, ಸೈಕಲ್ ಹಿಡಿದ ಡೆಟ್ಲೆಫ್ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ.