ಹೇರಳವಲ್ಲದ ಹೇರ್ಳೆಯವರು

ಅಮೆರಿಕಕ್ಕೆ ಬಂದ ಮೇಲೆ ನನ್ನ ಗಂಡ ಅಶ್ವತ್ಥ ಹೇರ್ಳೆ ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳಬಲ್ಲೆ: ‘ಎಚ್, ಇ, ಆರ್, ಎಲ್, ಇ.’ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬ್ಯಾಂಕಿನ ಫೋನಿನಲ್ಲಿ, ಮಗಳ ಶಾಲೆಯ ಆಫೀಸಿನಲ್ಲಿ ಅವನಿಗೆ ಈ ಅಕ್ಷರಾಭ್ಯಾಸ ತಪ್ಪಿದ್ದಿಲ್ಲ. ಬಿಡಿಸಿ ಹೇಳಿದ ಮೇಲೂ ಆ ಕಡೆಯವರು ‘ಎಲ್ಲಿಯ ಹೆಸರು ಇದು?’ ಎಂದು ಕೇಳುತ್ತಿದ್ದರು. ಕೋಟದ ಕಡೆಯ ಬ್ರಾಹ್ಮಣರ ಹೆಸರು ಎಂದು ಇಲ್ಲಿಯವರಿಗೆ ಎಲ್ಲಿಂದ ಹೇಳುವುದು? ‘ಇಂಡಿಯಾ’ ಎಂದು ಸುಮ್ಮನಾಗುತ್ತಿದ್ದ.

ನಾನು ಹೇರ್ಳೆಯಲ್ಲ. ಮದುವೆಗೆ ಮುಂಚೆ ಮೈಸೂರಿನಲ್ಲಿ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿತ್ತು. ಅದನ್ನು ಬದಲಾಯಿಸಲು ಕಚೇರಿ ಅಲೆಯಬೇಕಲ್ಲ ಎಂಬ ಸೋಮಾರಿತನದಿಂದ ವೇದಾ ಶೇಷಾದ್ರಿಯಾಗಿಯೇ ಉಳಿದೆ. ಹದಿನಾಲ್ಕು ವರ್ಷದ ಮಗಳು ನಿಧಿ ಮಾತ್ರ ಇಲ್ಲೇ ಹುಟ್ಟಿ, ಅಪ್ಪನ ಹೆಸರು ಹೊತ್ತು, ಅವನ ಹಾಗೆಯೇ ಬಿಡಿಸಿ ಹೇಳುವುದನ್ನು ಕಲಿತಿದ್ದಳು.

2023ರ ವಸಂತದಲ್ಲಿ ಒಂದು ದಿನ ಅಶ್ವತ್ಥ ರೆಸ್ಟನ್ನಿನ ಆಫೀಸಿನಿಂದ ವರ್ಜೀನಿಯಾದ ಆಲ್ಡಿ ಎಂಬ ಊರಿನ ನಮ್ಮ ಮನೆಗೆ ಬಂದವನೇ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಲಿನೆಟ್ ಎಂಬ ಹೆಂಗಸು ಇಮೇಲ್ ಕಳಿಸಿದ್ದಳು. ಜೂನಿನಲ್ಲಿ ಸೌತ್ ಕ್ಯಾರೊಲೈನಾದ ಒಂದು ಹಳ್ಳಿಯಲ್ಲಿ ಹೇರ್ಳೆ ಕುಟುಂಬದವರೆಲ್ಲ ಸೇರುತ್ತಾರೆ, ಇಡೀ ದೇಶದಲ್ಲಿರುವ ಹೇರ್ಳೆಗಳನ್ನು ಹುಡುಕಿ ಹುಡುಕಿ ಕರೆಯುತ್ತಿದ್ದೇವೆ, ನೀವು ಬರಲೇಬೇಕು ಎಂದಿತ್ತು. ಕೆಳಗೆ ಹೋದ ವರ್ಷದ ಫೋಟೋ. ದೊಡ್ಡ ಓಕ್ ಮರದ ಕೆಳಗೆ ಬಿಸಿಲಿಗೆ ಕೆಂಪಗಾದ ಬಿಳಿಯರ ಗುಂಪು. ಎಲ್ಲರ ಟೀ ಶರ್ಟಿನ ಮೇಲೂ ನನ್ನ ಗಂಡನ ಮನೆತನದ ಹೆಸರು, ಅದೂ ಸರಿಯಾದ ಸ್ಪೆಲ್ಲಿಂಗಿನಲ್ಲಿ!

ಅಲ್ಫರೆಟಾ ಎಂಬ ಊರಿನಲ್ಲಿರುವ ತನ್ನ ದೊಡ್ಡಪ್ಪನ ಮಗ ಶಶಿಕಾಂತನಿಗೆ ಅಶ್ವತ್ಥ ಆಗಲೇ ಫೋನ್ ಮಾಡಿದ. ಸ್ಪೀಕರಿನಲ್ಲಿ ಶಶಿಕಾಂತನ ದನಿ ಮನೆ ತುಂಬಿತು.

“ನಂಗೂ ಬಂದಿದೆ ಕಣೋ. ಪಕ್ಕಾ ಸ್ಕ್ಯಾಮ್. ಕ್ಲಿಕ್ ಮಾಡಿಬಿಟ್ಟೀಯಾ ಹುಷಾರು! ಮೊದ್ಲು ಫ್ಯಾಮಿಲಿ ಅಂತಾರೆ, ಆಮೇಲೆ ಗಿಫ್ಟ್ ಕಾರ್ಡ್ ತಗೊಂಡು ನಂಬರ್ ಹೇಳು ಅಂತಾರೆ.”

ನಿಧಿ ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಆ ಊರು, ಆ ಚರ್ಚು, ಆ ಮರ ಎಲ್ಲವನ್ನೂ ಹುಡುಕಿ ತೋರಿಸಿದ್ದಳು. “ಅಪ್ಪಾ, ಇಟ್ಸ್ ರಿಯಲ್. ಹೇರ್ಳೆ ಜರ್ಮನ್ ನೇಮ್ ಕೂಡ ಅಂತೆ.”

ಅಶ್ವತ್ಥ ಇಮೇಲಿಗೆ ಉತ್ತರ ಬರೆದು ಫೋನ್ ನಂಬರ್ ಕೊಟ್ಟ. ಮರುದಿನ ಲಿನೆಟ್ಟಳ ತಂದೆ ವಾಲ್ಟರ್ ಹೇರ್ಳೆಯವರೇ ಫೋನ್ ಮಾಡಿದರು. ಎಂಬತ್ತು ದಾಟಿದವರು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಹೇರ್ಳೆ ಕುಟುಂಬ ಸಂಘದ ಅಧ್ಯಕ್ಷರು. ಅವರ ಹೆಸರನ್ನು ಅವರೇ ‘ಹರ್ಲಿ’ ಎಂದು ಉಚ್ಚರಿಸಿದಾಗ ಅಶ್ವತ್ಥನ ಮುಖದಲ್ಲಿ ನಗು ಮೂಡಿತು. ಅವರ ಮೂಲಪುರುಷ ಯೋಹಾನ್ ಎಂಬಾತ ದಕ್ಷಿಣ ಜರ್ಮನಿಯಿಂದ ಹಡಗಿನಲ್ಲಿ ಬಂದು, ಎರಡು ನದಿಗಳ ನಡುವಿನ ಆ ಸೀಮೆಯಲ್ಲಿ ಕಾಡು ಕಡಿದು ನೆಲೆಸಿದನಂತೆ. ಸಂಘದ ಪಟ್ಟಿಯಲ್ಲಿ ಈಗ ಉಳಿದಿರುವವರು ಒಂದು ಮದುವೆಯ ಹಾಲಿಗೆ ಸಾಲುವಷ್ಟೇ ಜನ. ಇತ್ತೀಚೆಗೆ ಅವರು ಇಂಟರ್ನೆಟ್ಟಿನಲ್ಲಿ ಯಾವ ಹೆಸರಿನವರು ಎಲ್ಲೆಲ್ಲಿದ್ದಾರೆ ಎಂದು ತೋರಿಸುವ ನಕ್ಷೆ ನೋಡಿದ್ದರು. ಜರ್ಮನಿಯ ಮೇಲೆ ಬಣ್ಣ ಇದ್ದದ್ದು ಸರಿಯೇ. ಭಾರತದ ಪಶ್ಚಿಮ ಕರಾವಳಿಯಲ್ಲೂ ಇದ್ದುದನ್ನು ಕಂಡು ಕುರ್ಚಿಯಿಂದ ಎದ್ದು ನಿಂತರಂತೆ.

“ಯೋಹಾನನ ತಮ್ಮನ ಮೊಮ್ಮಗ ಒಬ್ಬ ಮಿಷನರಿಗಳ ಜೊತೆ ಇಂಡಿಯಾಕ್ಕೆ ಹೋದ ಅಂತ ನಮ್ಮ ಅಜ್ಜಿ ಹೇಳ್ತಿದ್ದರು,” ಎಂದರು. “ಆಮೇಲೆ ಅವನ ಸುದ್ದಿಯೇ ಇಲ್ಲ. ನಿಮ್ಮವರು ಅವನ ವಂಶದವರು ಇರಬಹುದಾ?”

ಅಶ್ವತ್ಥ ನನ್ನ ಮುಖ ನೋಡಿದ. ತಲೆ ಕೆರೆದುಕೊಂಡ. ಆಮೇಲೆ, “ಪಾಸಿಬಲ್ ಸರ್, ಪಾಸಿಬಲ್,” ಎಂದುಬಿಟ್ಟ.

ಫೋನಿಟ್ಟ ಮೇಲೆ ನಾನು ಬಿಡಲಿಲ್ಲ. “ಏನೋ ಇದು? ನಿಮ್ಮ ಮುತ್ತಜ್ಜನ ಮುತ್ತಜ್ಜನೂ ದೇವಸ್ಥಾನದಲ್ಲಿ ಗಂಟೆ ಅಲ್ಲಾಡಿಸ್ತಿದ್ದರು ಅಂತ ನಮ್ಮಪ್ಪನ ಹತ್ರ ಕೊಚ್ಚಿಕೊಂಡಿದ್ದೆಯಲ್ಲ!”

“ಪಾಪ, ವಯಸ್ಸಾದವರು ಕಣೇ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಕ್ಕಾಗತ್ತಾ? ಮುಂದೆ ಸಮಯ ನೋಡ್ಕೊಂಡು ಹೇಳ್ತೀನಿ ಬಿಡು.”

ಸಮಯ ನೋಡುತ್ತ ನೋಡುತ್ತ ಜೂನ್ ಬಂತು. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟೆವು. ವರ್ಜೀನಿಯಾ, ನಾರ್ತ್ ಕ್ಯಾರೊಲೈನಾ ದಾಟುವಷ್ಟರಲ್ಲಿ ನಿಧಿಗೆ ನಿದ್ದೆ, ಅಶ್ವತ್ಥನಿಗೆ ಹೆದರಿಕೆ. ರಾತ್ರಿ ಹೋಟೆಲಿನಲ್ಲಿ ಉಳಿದು ಬೆಳಿಗ್ಗೆ ಆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಕಾರು ನಿಲ್ಲಿಸಿದೆವು. ಹಂದಿಮಾಂಸ ಸುಡುವ ಹೊಗೆ ಮರಗಳ ನಡುವೆ ಏಳುತ್ತಿತ್ತು. ಹೆಸರು ಬರೆದುಕೊಳ್ಳಲು ಮೇಜಿನ ಮುಂದೆ ಕೂತಿದ್ದ ಲಿನೆಟ್, ಐವತ್ತರ ಆಸುಪಾಸಿನ, ದೊಡ್ಡ ನಗೆಯ ಹೆಂಗಸು.

“ಹೆಸರು?” ಎಂದಳು.

“ಅಶ್ವತ್ಥ ಹೇರ್ಳೆ. ಎಚ್, ಇ...”

“ಹೇರ್ಳೆ ನನಗೆ ಬರುತ್ತೆ,” ಎಂದು ನಕ್ಕಳು. “ಮೊದಲ ಹೆಸರು ಬಿಡಿಸಿ ಹೇಳಿ!”

ಅಶ್ವತ್ಥ ಒಂದು ಕ್ಷಣ ಬಾಯಿ ತೆರೆದುಕೊಂಡೇ ನಿಂತ. ಆಮೇಲೆ ಎಷ್ಟು ಜೋರಾಗಿ ನಕ್ಕನೆಂದರೆ ಹೊಗೆಯ ಹತ್ತಿರ ನಿಂತಿದ್ದವರು ತಿರುಗಿ ನೋಡಿದರು. ಕೊಟ್ಟ ಟೀ ಶರ್ಟನ್ನು ಅಲ್ಲೇ ಅಂಗಿಯ ಮೇಲೆ ಹಾಕಿಕೊಂಡ. ಹೆಸರು ಶೇಷಾದ್ರಿಯಾದ್ದರಿಂದ ನನಗೆ ‘ಅತಿಥಿ’ ಎಂಬ ಚೀಟಿ ಸಿಕ್ಕಿತು. ಲಿನೆಟ್ಟಳ ಎದೆಯ ಮೇಲೂ ಅದೇ ಚೀಟಿ ಇತ್ತು.

“ನೀವೂ ಅತಿಥಿಯಾ?” ಎಂದೆ.

“ಮದುವೆಯಾಗಿ ಪ್ರಾಥರ್ ಆದೆನಲ್ಲ. ಹೆಸರು ಹೇರ್ಳೆ ಇದ್ದವರು ಮಾತ್ರ ಸದಸ್ಯರು, ಅದು ಸಂಘದ ಹಳೇ ನಿಯಮ,” ಎಂದು ಭುಜ ಕುಣಿಸಿದಳು. ಇಮೇಲ್ ಕಳಿಸುವವಳು ಅವಳು, ಹಾಲ್ ಗೊತ್ತುಮಾಡುವವಳು ಅವಳು, ಟೀ ಶರ್ಟ್ ಮಾಡಿಸುವವಳು ಅವಳು.

ಒಳಗೆ ಹಾಲಿನ ಗೋಡೆಗೆ ಉದ್ದನೆಯ ವಂಶವೃಕ್ಷದ ಬ್ಯಾನರ್ ಹಾಕಿದ್ದರು. ಅದರ ಬಲತುದಿಯಲ್ಲಿ ಯೋಹಾನನ ತಮ್ಮನಿಂದ ಚುಕ್ಕೆಚುಕ್ಕೆಯ ಗೆರೆಯೊಂದು ಹೊರಟು, ಖಾಲಿ ಜಾಗವನ್ನೆಲ್ಲ ದಾಟಿ, ನಮ್ಮ ಮೂವರ ಹೆಸರುಗಳಿಗೆ ಬಂದು ನಿಂತಿತ್ತು. ನಿಧಿ ಕಣ್ಣರಳಿಸಿ, “ಅಪ್ಪಾ, ವಾಟ್ ಡಿಡ್ ಯು ಟೆಲ್ ಹಿಮ್?” ಎಂದಳು.

“ಈಗಲೇ ಹೋಗಿ ಹೇಳು,” ಎಂದೆ ನಾನು. “ಊಟ ಆದ ಮೇಲೆ ಹೇಳೋದು ಇನ್ನೂ ಕಷ್ಟ.”

ವಾಲ್ಟರ್ ಮರದ ಕೆಳಗೆ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ನಮ್ಮನ್ನು ಕಂಡು ಎದ್ದು ಅಶ್ವತ್ಥನನ್ನು ತಬ್ಬಿಕೊಂಡರು. ಪಾಪ, ತಬ್ಬಿಸಿಕೊಂಡೇ ಅವನು ಎಲ್ಲವನ್ನೂ ಹೇಳಬೇಕಾಯಿತು. ಮಿಷನರಿಗಳು ನಮ್ಮ ಕರಾವಳಿಗೆ ಬರುವುದಕ್ಕೆ ಎಷ್ಟೋ ಮುಂಚಿನಿಂದ ಹೇರ್ಳೆಯವರು ಅಲ್ಲಿದ್ದಾರೆ, ದೇವರ ಪೂಜೆ ಮಾಡಿಕೊಂಡು, ಅಡುಗೆ ಮಾಡಿಕೊಂಡು, ಪಂಚಾಂಗ ನೋಡಿಕೊಂಡು. ಜರ್ಮನಿಯ ಗಾಳಿಯೂ ನಮಗೆ ತಾಗಿಲ್ಲ. ಫೋನಿನಲ್ಲಿ ಅವತ್ತು ಬೇಸರಪಡಿಸಬಾರದೆಂದು ಹಾಗಂದೆ, ತಪ್ಪಾಯಿತು.

ಮುದುಕರು ಕುರ್ಚಿಯಲ್ಲಿ ಕೂತರು.

“ಹಾಗಾದರೆ ನಿಮ್ಮ ಹೆಸರಿನ ಅರ್ಥ ಏನು?” ಎಂದರು.

“ಖಂಡಿತವಾಗಿ ಯಾರಿಗೂ ಗೊತ್ತಿಲ್ಲ ಸರ್. ನಿಂಬೆಯ ಜಾತಿಯ ಒಂದು ದೊಡ್ಡ ಹುಳಿ ಹಣ್ಣಿಗೆ ಹೇರಳೆ ಅಂತೀವಿ, ಅದರಿಂದ ಬಂತು ಅಂತ ಕೆಲವರು. ಹೇರಳ ಅಂದರೆ ಬೇಕಾದಷ್ಟು ಅಂತಲೂ ಅರ್ಥ. ನಿಮ್ಮದು?”

“ಹೆರ್ ಅಂದರೆ ಯಜಮಾನ. ನಮ್ಮ ಕಡೆಯ ಜರ್ಮನಿಯಲ್ಲಿ ಪ್ರೀತಿಗೆ ಕೊನೆಯಲ್ಲಿ ‘ಲೆ’ ಸೇರಿಸ್ತಾರೆ. ಪುಟ್ಟ ಯಜಮಾನ ಅಂತ ನಮ್ಮಜ್ಜ ಹೇಳ್ತಿದ್ದರು. ಅಲ್ಲ, ಹಳೇ ಕಾಲದ ಸೈನಿಕರ ಹೆಸರಿನಿಂದ ಬಂದದ್ದು ಅಂತ ಇನ್ನೊಬ್ಬರು.” ಅವರು ನಿಟ್ಟುಸಿರಿಟ್ಟರು. “ನಮಗೂ ಖಂಡಿತ ಗೊತ್ತಿಲ್ಲ. ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆನಲ್ಲ, ಕಳೆದುಹೋದವರು ಸಿಕ್ಕಿದರು ಅಂತ. ಪ್ರತಿ ವರ್ಷ ಯಾರದೋ ಸಾವಿನ ಸುದ್ದಿ ಓದೋದೇ ನನ್ನ ಕೆಲಸ. ಈ ಸಲ ಮೂರು ಹೆಸರು ಸೇರಿಸೋದಿತ್ತು.”

ಅಶ್ವತ್ಥ ಅವರ ಕೈ ಹಿಡಿದು, “ಎಲ್ಲರಿಗೂ ನಾನೇ ಹೇಳ್ತೀನಿ ಸರ್,” ಎಂದ.

ಊಟಕ್ಕೆ ಮುಂಚೆ ಸಭೆ. ಅಶ್ವತ್ಥ ಎದ್ದು ಬ್ಯಾನರಿನ ಮುಂದೆ ನಿಂತು, ಟೀ ಶರ್ಟಿನ ಅಂಚು ಎಳೆಯುತ್ತ, ತಾನು ಅವರಿಗೆ ರಕ್ತಸಂಬಂಧಿಯಲ್ಲವೆಂದೂ ತಪ್ಪೆಲ್ಲ ತನ್ನದೇ ಎಂದೂ ಹೇಳಿದ. ಮುಂದಿನ ಸಾಲಿನಲ್ಲಿ ಕೂತಿದ್ದ, ನೀಲಿ ಟೋಪಿಯ ವೃದ್ಧೆಯೊಬ್ಬಳು ಕೈ ಎತ್ತಿದಳು.

“ನಿನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿ ಏನಿದೆ ಮಗು?”

“ಹೇರ್ಳೆ.”

“ಬಾಡಿಗೆ ಹೆಸರಲ್ಲ ತಾನೇ?”

“ಅಲ್ಲಮ್ಮ. ನಮ್ಮಪ್ಪ ಕೊಟ್ಟದ್ದು.”

“ನಿಯಮದಲ್ಲಿ ಹೆಸರು ಅಂತಿದೆ, ರಕ್ತ ಅಂತಿಲ್ಲ. ಕೂತ್ಕೋ, ನೀನು ಸದಸ್ಯ,” ಎಂದಳು. ಹಾಲಿನಲ್ಲಿ ನಗು ಎದ್ದಿತು. ವಾಲ್ಟರ್ ಕೂಡ ನಕ್ಕರು.

ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಅವತ್ತು ಹೊಸ ಅಧ್ಯಕ್ಷರನ್ನು ಆರಿಸಬೇಕಿತ್ತು. ವಾಲ್ಟರಿಗೆ ಇನ್ನು ಸಾಧ್ಯವಿಲ್ಲ. ಯಾರೂ ಮುಂದೆ ಬರಲಿಲ್ಲ. ಒಬ್ಬನಿಗೆ ಹೊಲ, ಒಬ್ಬನಿಗೆ ಬೆನ್ನುನೋವು. ಡ್ವೇನ್ ಎಂಬ ದಪ್ಪ ಮೀಸೆಯವನು ಎದ್ದು, “ಈ ಅಶ್... ಈ ಹೊಸ ಹೇರ್ಳೆಯನ್ನೇ ಮಾಡೋಣ. ಕಂಪ್ಯೂಟರ್ ಕೆಲಸದವನಂತೆ!” ಎಂದ. ಚಪ್ಪಾಳೆ ಬಿತ್ತು. ನನ್ನ ಗಂಡನ ಕಿವಿ ಕೆಂಪಾಯಿತು. ಸಂತೋಷದಿಂದಲೇ ಎಂದು ನನಗೆ ಗೊತ್ತು. ಆಲ್ಡಿಯ ನಮ್ಮ ಬಡಾವಣೆಯ ಸಂಘದಲ್ಲಿ ಅವನನ್ನು ಯಾರೂ ಒಂದು ಕಮಿಟಿಗೂ ಕರೆದವರಲ್ಲ.

ಆಗ ನಿಧಿ ನನ್ನ ಪಕ್ಕದಿಂದ, ತಗ್ಗಿದ ದನಿ ಎಂದು ತಾನು ಅಂದುಕೊಂಡ ದನಿಯಲ್ಲಿ ಕೇಳಿದಳು, “ವೇಟ್, ಅಪ್ಪ ಕ್ಯಾನ್ ಬಿ ಪ್ರೆಸಿಡೆಂಟ್, ಲಿನೆಟ್ ಆಂಟಿ ಕಾಂಟ್? ಬಟ್ ಶಿ ಡಸ್ ಎವೆರಿಥಿಂಗ್!”

ಎರಡು ಸಾಲು ಮುಂದಿನವರೂ ಕೇಳಿಸಿಕೊಂಡರು. ಕಾಫಿಯ ಪಾತ್ರೆಯ ಹತ್ತಿರ ನಿಂತಿದ್ದ ಲಿನೆಟ್ ಲೋಟಗಳನ್ನು ಸುಮ್ಮನೆ ಎಣಿಸುವವಳಂತೆ ತಲೆ ಬಗ್ಗಿಸಿದಳು. ಅಶ್ವತ್ಥ ಮಗಳನ್ನು ನೋಡಿದ, ಲಿನೆಟ್ಟಳನ್ನು ನೋಡಿದ, ಮತ್ತೆ ಎದ್ದ.

“ನನಗೆ ಈ ಗೌರವ ಬೇಕು ಅಂತ ಆಸೆಯಿದೆ,” ಎಂದ. “ಆದರೆ ನಾನು ಹೆಸರು ಮಾತ್ರ. ಅವರು ನಿಮ್ಮ ಮನೆ ಮಗಳು. ನನಗೂ ಮಗಳಿದ್ದಾಳೆ. ನಾಳೆ ಅವಳು ಮದುವೆಯಾಗಿ ಹೆಸರು ಬದಲಾಯಿಸಿದರೆ ನಮ್ಮನೆಗೆ ಅತಿಥಿ ಚೀಟಿ ಹಾಕ್ಕೊಂಡು ಬರಬೇಕಾ? ಸದಸ್ಯನಾಗಿ ನನ್ನ ಮೊದಲನೇ ಸಲಹೆ, ಆ ನಿಯಮ ತೆಗೆದುಹಾಕಿ.”

ಡ್ವೇನನ ಮೀಸೆ ಜೋತುಬಿತ್ತು. ಅವನ ತಾತನೇ ಮಾಡಿದ ನಿಯಮವಂತೆ ಅದು. “ಹೆಸರು ಬಿಟ್ಟರೆ ಸಂಘದಲ್ಲಿ ಇನ್ನೇನು ಉಳಿಯಿತು?” ಎಂದ. ಕೆಲವರು ಹೌದು ಹೌದು ಎಂದರು. ನೀಲಿ ಟೋಪಿಯವಳು, “ನಾನು ಹುಟ್ಟಿದಾಗ ಹೇರ್ಳೆ, ಒಂದು ಮದುವೆಗೆ ಹೊರಗೆ ಹೋದೆ, ಗಂಡನ್ನ ಬಿಟ್ಟು ಹೆಸರು ವಾಪಸ್ ಪಡೆದು ಒಳಗೆ ಬಂದೆ. ಈ ಬಾಗಿಲು ತೆಗೆದು ಮುಚ್ಚಿ ನನಗೆ ಸಾಕಾಗಿದೆ,” ಎಂದಳು. ಕೊನೆಗೆ ಎಲ್ಲರೂ ವಾಲ್ಟರರನ್ನು ನೋಡಿದರು.

ಅವರು ಮಗಳ ಕಡೆ ತಿರುಗಿ ಕೇಳಿದರು. “ನಿನಗೆ ಇದು ಬೇಕಿತ್ತಾ ಲಿನೆಟ್? ಯಾವತ್ತೂ ಕೇಳಲೇ ಇಲ್ಲವಲ್ಲ.”

“ನೀವೂ ಕೇಳಲಿಲ್ಲ ಅಪ್ಪಾ,” ಎಂದಳು ಅವಳು.

ಮುದುಕರು ಮೊದಲು ಕೈ ಎತ್ತಿದರು. ಆಮೇಲೆ ಹಾಲಿನಲ್ಲಿ ಕೈಗಳೇ ಕೈಗಳು. ಡ್ವೇನ್ ಎತ್ತಲಿಲ್ಲ. ಆದರೆ ಎದ್ದೂ ಹೋಗಲಿಲ್ಲ, ಹೊರಗೆ ಒಲೆ ನೋಡಿಕೊಳ್ಳುವ ಸರದಿ ಅವನದಾಗಿದ್ದರೂ. ನಿಯಮ ಹೋದ ಕೂಡಲೇ ನನಗೂ ಮತದ ಹಕ್ಕು ಬಂತು. ಅಧ್ಯಕ್ಷೆಯಾಗಿ ಲಿನೆಟ್ ಎಂದಾಗ, ಹೇರ್ಳೆಯಲ್ಲದ ನಾನು ಎರಡೂ ಕೈ ಎತ್ತಿದೆ. ಒಂದು ಸಾಕು ಎಂದರು.

ಊಟಕ್ಕೆ ನಮ್ಮ ಪುಳಿಯೋಗರೆ ಡಬ್ಬಿ ಮೇಜಿನ ಮೇಲೆ ಹಂದಿಮಾಂಸದ ತಟ್ಟೆಗಳಿಂದ ದೂರ ಕೂತಿತ್ತು. ಅದು ಮೊದಲು ಖಾಲಿಯಾಯಿತು.

ಸಂಜೆ ಬಿಸಿಲು ಇಳಿದ ಮೇಲೆ ವಾಲ್ಟರ್ ನಮ್ಮನ್ನು ಚರ್ಚಿನ ಹಿಂದಿನ ಸಮಾಧಿಗಳ ಹತ್ತಿರ ಕರೆದುಕೊಂಡು ಹೋದರು. ಲಿನೆಟ್ ಅವರ ತೋಳು ಹಿಡಿದಿದ್ದಳು. ಪಾಚಿ ಕಟ್ಟಿದ ಕಲ್ಲುಗಳನ್ನು ನಿಧಿ ಬಗ್ಗಿ ಬಗ್ಗಿ ಓದುತ್ತ ಹೋದವಳು ಒಮ್ಮೆಗೇ ನಿಂತಳು.

“ಅಮ್ಮಾ, ಸ್ಪೆಲ್ಲಿಂಗ್ ನೋಡು. ಇದು ‘ಯು’ ಹಾಕಿದ ಹರ್ಲಿ, ಇದು ‘ಎ’ ಹಾಕಿದ ಹಾರ್ಲಿ, ಇದು ಎಚ್ ಇಲ್ಲದ ಅರ್ಲಿ.”

“ಎಲ್ಲ ಯೋಹಾನನ ಮಕ್ಕಳೇ,” ಎಂದರು ವಾಲ್ಟರ್. “ಜರ್ಮನ್ ಬಾರದ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಒಬ್ಬ ಮಗನದು ಮಾತ್ರ ಸರಿಯಾಗಿ ಉಳಿಯಿತು. ಅವನ ಕಡೆಯವರು ನಾವು.”

“ಉಳಿದವರ ವಂಶ?” ಎಂದ ಅಶ್ವತ್ಥ.

“ಇದ್ದಾರಲ್ಲ. ಈ ಕೌಂಟಿಯ ತುಂಬ ಇದ್ದಾರೆ. ಟೈರ್ ಅಂಗಡಿಯವನು, ಹಲ್ಲಿನ ಡಾಕ್ಟರು, ನಮ್ಮ ಪೋಸ್ಟ್ ಆಫೀಸಿನವಳು...”

“ಅವರನ್ನೆಲ್ಲ ನಾವು ಯಾವತ್ತೂ ಕರೆದೇ ಇಲ್ಲ ಅಪ್ಪಾ,” ಎಂದಳು ಲಿನೆಟ್.

“ಹೆಸರು ಬೇರೆಯಲ್ಲವಾ...” ಎನ್ನುತ್ತ ವಾಲ್ಟರ್ ಅರ್ಧಕ್ಕೆ ನಿಂತರು. ಮಗಳ ಮುಖ ನೋಡಿದರು. ನೋಡುತ್ತಿದ್ದ ಹಾಗೆ ಅವರಿಗೆ ನಗು ಬಂತು. ತಡೆಯಲಾಗದೆ ಯೋಹಾನನ ಕಲ್ಲಿನ ಮೇಲೆ ಕೈಯೂರಿದರು.

“ದೇವರೇ! ಅವರೆಲ್ಲ ಬಂದರೆ ಎಷ್ಟು ಜನ ಆಗಬಹುದು?”

“ಕೆಲವು ಸಾವಿರ ಆದರೂ ಆದಾರು,” ಎಂದಳು ಹೊಸ ಅಧ್ಯಕ್ಷೆ. ಅವಳ ಕಣ್ಣು ಆಗಲೇ ಬೇಲಿಯ ಆಚೆ ಕೊಯ್ಲಾದ ಹೊಲವನ್ನು ಅಳೆಯುತ್ತಿತ್ತು. “ಹಾಲ್ ಸಾಲಲ್ಲ. ಅಲ್ಲಿ ಪೆಂಡಾಲ್ ಹಾಕಿಸಬೇಕು. ಡ್ವೇನನದೇ ಹೊಲ. ಹೋಗಿ ಕೇಳ್ತೀನಿ, ಅವನ ಕೋಪವೂ ಇಳಿಯುತ್ತೆ.”

ಅವಳು ಹುಲ್ಲಿನ ಮೇಲೆ ಬಿರಬಿರನೆ ನಡೆದು ಹೋದಳು.